ಆರನೇ ಹಾಸಿಗೆಯ ಕಾರ್ಡು

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 10.15. ದೂರು ತಂದವಳು ಹೊಲಿಗೆ ಕೆಲಸದ ಹೆಂಗಸು. ಆರೈಕೆ ಕೇಂದ್ರಕ್ಕೆ ಸೇರಿಸಿದ ಮೂರನೇ ದಿನ, ಅಂದರೆ ನಿನ್ನೆ, ಅವಳ ತಂದೆ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಂಡು ತೀರಿಹೋಗಿದ್ದರು.

“ಲಕ್ವ ಹೊಡೆದ ಮೇಲೆ ಅಪ್ಪನಿಗೆ ನುಂಗೋಕಾಗಲ್ಲ, ಮೆತ್ತಗೆ ಕಲಸಿ ತಿನ್ನಿಸಿ ಅಂತ ಹೆಡ್ ನರ್ಸಿಗೆ ಹೇಳಿದ್ದೆ ಸರ್. ಈಗ ಮ್ಯಾನೇಜರ್ರು ನಾನು ಹೇಳಲೇ ಇಲ್ಲ ಅಂತಾರೆ. ನಮ್ಮಣ್ಣನೂ ಅದನ್ನೇ ನಂಬಿದಾನೆ. ನನ್ನ ಮುಖ ನೋಡ್ತಿಲ್ಲ.”

10.50ಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು. ಇನ್‌ಸ್ಪೆಕ್ಟರ್ ದಫೇದಾರನನ್ನು ಜೊತೆಗೆ ಕರೆದುಕೊಂಡ. ಠಾಣೆಯಲ್ಲಿ ದಫೇದಾರನಿಗೆ ‘ಭರ್ತಿ’ ಎಂದೇ ಅಡ್ಡಹೆಸರು. ಯಾವ ನಮೂನೆ ಕೊಟ್ಟರೂ ಕಣ್ಣು ಮುಚ್ಚಿ ತುಂಬುವುದರಲ್ಲಿ ಅವನದು ಎತ್ತಿದ ಕೈ.

12.00ಕ್ಕೆ ಶವಾಗಾರದಲ್ಲಿ ಪಂಚನಾಮೆ. ಮಧ್ಯಾಹ್ನ 2.30ಕ್ಕೆ ಆರೈಕೆ ಕೇಂದ್ರ. ಆರನೇ ಹಾಸಿಗೆಗೆ ಆಗಲೇ ಹೊಸ ಚಾದರ ಹಾಸಿದ್ದರು. ಕಂಬಿಯಲ್ಲಿ ಸತ್ತವರ ಆರೈಕೆ ಕಾರ್ಡು ಇನ್ನೂ ನೇತಾಡುತ್ತಿತ್ತು: ಗಟ್ಟಿ ಆಹಾರ, ತಾವೇ ತಿನ್ನುತ್ತಾರೆ.

“ಇದನ್ನ ನೋಡಿ ಬ್ರೆಡ್ ಕೊಟ್ಟೆಯಾ?” ಊಟ ಕೊಡುವ ಆಯಾಳನ್ನು ಇನ್‌ಸ್ಪೆಕ್ಟರ್ ಕೇಳಿದ.

“ಹೂಂ ಸರ್,” ಎಂದಳು ಅವಳು. “ಕಾರ್ಡಲ್ಲಿ ಇದ್ದಿದ್ದೇ ನಮಗೆ ವೇದವಾಕ್ಯ.”

ಹೊಸಬರು ಬಂದ ದಿನವೇ ಹೆಡ್ ನರ್ಸ್ ಅವರನ್ನು ಪರೀಕ್ಷಿಸಿ ನಾಲ್ಕು ಪುಟದ ನಮೂನೆ ತುಂಬಬೇಕು, ಅದರಿಂದಲೇ ಕಾರ್ಡು. ಇನ್‌ಸ್ಪೆಕ್ಟರ್ ಆ ನಮೂನೆ ತರಿಸಿದ. ‘ಮೇಲ್ದವಡೆಗೆ ಹಲ್ಲುಸೆಟ್ಟು, ಚೆನ್ನಾಗಿ ಅಗಿಯುತ್ತಾರೆ.’ ಪಂಚನಾಮೆಯಲ್ಲಿ ಎಲ್ಲವೂ ಸ್ವಂತ ಹಲ್ಲು. ಅದೇ ಹಾಸಿಗೆಯಲ್ಲಿ ಹಿಂದೆ ಇದ್ದವರ ನಮೂನೆಯನ್ನೂ ಕಪಾಟಿನಿಂದ ತೆಗೆಸಿದ. ಅದೇ ಹಲ್ಲುಸೆಟ್ಟು, ಅಕ್ಷರಕ್ಕೆ ಅಕ್ಷರ ಅದೇ ಸಾಲುಗಳು. ಹೆಸರು, ವಯಸ್ಸು ಮಾತ್ರ ಬೇರೆ.

“ಮಗಳು ಹೇಳಿದ್ಳೋ, ಇಲ್ವೋ?”

ನಿವೃತ್ತಿಯ ಅಂಚಿನಲ್ಲಿದ್ದ ಹೆಡ್ ನರ್ಸ್ ತಲೆ ಎತ್ತಲಿಲ್ಲ. “ಹೇಳಿದ್ಳು. ಎರಡು ಸಲ ಹೇಳಿದ್ಳು.”

“ಮತ್ತೆ ಯಾಕೆ ಬರೀಲಿಲ್ಲ?”

ಆಕೆ ಮೇಜಿನ ಕೆಳಗಿನ ಖಾನೆಯಿಂದ ಹಳೆಯ ನಮೂನೆಗಳ ಕಟ್ಟು ತೆಗೆದಿಟ್ಟಳು. ‘ಊಟಕ್ಕೆ ಪಕ್ಕದಲ್ಲಿ ಒಬ್ಬರು ಕೂರಬೇಕು’ ಎಂದು ಆಕೆ ಬರೆದಲ್ಲೆಲ್ಲ ಮ್ಯಾನೇಜರನ ಕೆಂಪು ಶಾಯಿ: ‘ಯಾರು ಕೂರೋದು? ತಿದ್ದಿ.’

“ಬರೆದ್ರೆ ಮಾಡ್ಬೇಕು ಸರ್. ನಲವತ್ತು ಜನಕ್ಕೆ ಇಬ್ಬರೇ ಆಯಾಗಳು. ತಿದ್ದಿ ತಿದ್ದಿ ಸಾಕಾಗಿ ಹೋಯ್ತು. ಕೊನೆಗೆ ಕೇಳೋದನ್ನೇ ಬಿಟ್ಟೆ.”

ಇನ್‌ಸ್ಪೆಕ್ಟರನಿಗೆ ಕನಿಕರವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಒಂದು ಕೈ ಹೆಚ್ಚಾಗಿತ್ತು. ಕೆಂಪು ಶಾಯಿಯ ಹಾಳೆಗಳು ಜಪ್ತಿಯಾದವು. ಹೆಡ್ ನರ್ಸ್ ಮೊದಲ ಆರೋಪಿ, ಮ್ಯಾನೇಜರ್ ಎರಡನೇ ಆರೋಪಿಯಾದ.

ಸಂಜೆ 5.10ಕ್ಕೆ ಇಬ್ಬರನ್ನೂ ಬಂಧಿಸಿ ಠಾಣೆಗೆ ತಂದರು. ಹೊಲಿಗೆಯವಳ ಅಣ್ಣನನ್ನು ಕರೆಸಿ, ಹೆಡ್ ನರ್ಸಿನ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ಖುದ್ದಾಗಿ ಓದಿ ಹೇಳಿದ. ‘ಎರಡು ಸಲ’ ಎಂಬಲ್ಲಿಗೆ ಬಂದಾಗ ಅವನು ಇನ್ನೊಮ್ಮೆ ಓದಿ ಎಂದ. ಆಮೇಲೆ ಹೊರಗೆ ಹೋಗಿ ಬೆಂಚಿನಲ್ಲಿ ತಂಗಿಯ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತ.

ಒಳಗೆ ಭರ್ತಿ ಬಂಧನದ ನಮೂನೆ ತುಂಬುತ್ತಿದ್ದ. ‘ಆರೋಪಿಗೆ ಕಾಯಿಲೆ: ಇಲ್ಲ.’

“ನೀವು ನನ್ನ ಕೇಳಲೇ ಇಲ್ವಲ್ಲ,” ಎಂದಳು ಹೆಡ್ ನರ್ಸ್.

ಭರ್ತಿಯ ಕೈ ನಿಂತಿತು. ಇನ್‌ಸ್ಪೆಕ್ಟರ್ ಅವನಿಂದ ಪೆನ್ನು ಕಿತ್ತುಕೊಂಡು, ಆ ಸಾಲು ಹೊಡೆದು ಹಾಕಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

“ಹೇಳಿ.”

“ಸಕ್ಕರೆ ಕಾಯಿಲೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ.” ಆಕೆ ಅವನು ಬರೆಯುವುದನ್ನೇ ನೋಡುತ್ತಿದ್ದಳು. “ಮೊದಮೊದಲು ನಾನೂ ಹೀಗೇ ಎದುರಿಗೆ ಕೂತು ಕೇಳ್ತಿದ್ದೆ ಸರ್. ಒಬ್ಬೊಬ್ಬರ ಹತ್ರ ಒಂದೊಂದು ಗಂಟೆ.”