ನಗಾರಿ ನಿಲ್ಲದ ತಿಂಗಳುಗಳು

ಪ್ರಾಯದ ಹೆಣ್ಣಿನ ಮುಟ್ಟು ನಿಂತರೆ ಅವಳು ಬಸುರಿ, ಬೇರೆ ಕಾರಣವಿಲ್ಲ. ಬಿಳಿಕಲ್ಲುದುರ್ಗದಲ್ಲಿ ಅರಸರಿಂದ ಅಗಸನವರೆಗೆ ಎಲ್ಲರೂ ಇದನ್ನು ನಂಬಿದ್ದರು. ರಾಜವೈದ್ಯ ನಂಜಪಂಡಿತರೂ ಬಹಳ ಕಾಲ ನಂಬಿದ್ದರು.

ದುರ್ಗದ ಬಿಳಿಯ ಬಂಡೆಗಳ ಮೇಲೆ ಎಳೆಬಿಸಿಲು ಬೀಳುವ ಹೊತ್ತಿಗೆ ಪೇಟೆಯಲ್ಲಿ ಹೂವಾಡಿಗರು ಬುಟ್ಟಿ ಬಿಚ್ಚುತ್ತಿದ್ದರು, ಲಾಯದ ಕುದುರೆಗಳು ಕೆರೆಗಿಳಿಯುತ್ತಿದ್ದವು, ಬೆಟ್ಟದ ದೇವಿಯ ಗುಡಿಯಿಂದ ಪಟ್ಟದರಾಣಿಗೆ ಕುಂಕುಮದ ತಟ್ಟೆ ಹೊರಡುತ್ತಿತ್ತು. ತಟ್ಟೆಯ ಮುಂದೆ ಎತ್ತಿನ ಮೇಲೆ ನಗಾರಿ. ರಾಣಿ ಮುಟ್ಟಾಗಿ ಹೊರಗಾದ ದಿನಗಳಲ್ಲಿ ಕುಂಕುಮ ಹೋಗುವಂತಿಲ್ಲ, ನಗಾರಿಯೂ ಇಲ್ಲ. ಅಂತಃಪುರದ ಸಂಗತಿಯನ್ನು ತಿಂಗಳು ತಿಂಗಳೂ ಪೇಟೆಗೆಲ್ಲ ಸಾರುವ ಈ ಪದ್ಧತಿಗೆ ಅರಮನೆಯ ಮರ್ಯಾದೆ ಎಂದು ಹೆಸರು.

ಈಗ ನಾಲ್ಕು ತಿಂಗಳಿಂದ ನಗಾರಿ ಒಂದು ದಿನವೂ ನಿಂತಿರಲಿಲ್ಲ. ಅರಸರು ಗಡಿಯ ಯುದ್ಧಕ್ಕೆ ಹೋಗಿ ವರ್ಷವಾಗುತ್ತ ಬಂದಿತ್ತು.

ಮೊದಲು ಬಾಯಿಬಿಟ್ಟವನು, ಅರಸರಿಲ್ಲದಾಗ ಅವರ ಮುದ್ರೆ ಹಿಡಿದು ದುರ್ಗ ಕಾಯುತ್ತಿದ್ದ ದಳವಾಯಿ ಮುದ್ದರಸ. ರಾಣಿ ಹೊನ್ನಾಜಮ್ಮ ಶೀಲಗೆಟ್ಟವಳೆಂದಾದರೆ ಅವಳ ಮಗನಿಗೆ ಪಟ್ಟ ತಪ್ಪುತ್ತದೆ. ಗಾದಿ ಕಿರಿಯ ರಾಣಿಯ ಮಗನಿಗೆ. ಕಿರಿಯ ರಾಣಿ ದಳವಾಯಿಯ ಒಡಹುಟ್ಟಿದ ತಂಗಿ. ರಾಜ್ಯದ ಮಾನದ ಬಗ್ಗೆ ಅವನಿಗೆ ಅಷ್ಟು ಸಂಕಟವಾಗಲು ಇದೂ ಒಂದು ಕಾರಣವಿರಬಹುದು.

ಪಂಡಿತರು ರಾಣಿಯ ನಾಡಿ ಹಿಡಿದು ನೋಡಿದ್ದರು. ಬಸಿರಿನ ಯಾವ ಲಕ್ಷಣವೂ ಇರಲಿಲ್ಲ, ಇದ್ದದ್ದು ಎಲುಬು. ಅರಸರು ಗೆದ್ದು ಬರುವವರೆಗೆ ದಿನಕ್ಕೊಂದು ಬಟ್ಟಲು ಹಾಲು, ಒಂದು ಹಿಡಿ ಹಣ್ಣು, ಬೆಳಗಿನ ಜಾವ ಬರಿಗಾಲಲ್ಲಿ ಬೆಟ್ಟ ಹತ್ತುವುದು ಎಂದು ಅವಳು ವ್ರತ ಹಿಡಿದಿದ್ದಳು. ಆಸ್ಥಾನವೆಲ್ಲ ಕೊಂಡಾಡಿತ್ತು. ದಳವಾಯಿಯಂತೂ ತನ್ನ ಮನೆಗೂ ಪುಣ್ಯ ಬರಲೆಂದು ಮಗಳು ಚೆಲುವಾಜಿಯನ್ನು ಅದೇ ವ್ರತಕ್ಕೆ ಕೂರಿಸಿದ್ದ. ಹುಡುಗಿಗೆ ಮದುವೆ ನಿಶ್ಚಯವಾಗಿತ್ತು.

ಕಳೆದ ತಿಂಗಳು ಆ ಹುಡುಗಿಯನ್ನು ಅವಳ ಅಜ್ಜಿ ಮುಸುಕು ಹಾಕಿಸಿ ಪಂಡಿತರಲ್ಲಿಗೆ ಕರೆತಂದಿದ್ದಳು. ಅವಳದೂ ನಿಂತಿತ್ತು. ಯಾರಿಗೂ ಹೇಳುವುದಿಲ್ಲವೆಂದು ಪಂಡಿತರಿಂದ ದೇವಿಯ ಮೇಲೆ ಆಣೆ ಮಾಡಿಸಿಕೊಂಡೇ ಅಜ್ಜಿ ಎದ್ದಳು. ಅಂದಿನಿಂದ ಪಂಡಿತರ ನಂಬಿಕೆ ಅಲುಗಾಡಿತು. ಇಬ್ಬರಿಗೂ ಅವರು ಹೇಳಿದ ಮದ್ದು ಒಂದೇ: ಬೆಟ್ಟ ಹತ್ತುವುದು ನಿಲ್ಲಬೇಕು, ತಿನ್ನಲು ತುಪ್ಪದನ್ನ, ಉದ್ದಿನ ಗಂಜಿ, ಎಳ್ಳುಂಡೆ. ವ್ರತ ಮುರಿದರೆ ಅರಸರಿಗೆ ಕೇಡೆಂದು ಇಬ್ಬರೂ ಮುಟ್ಟಲಿಲ್ಲ.

ವಿಚಾರಣೆಯ ದಿನ ಸಭೆ ತುಂಬಿತ್ತು. ಅಂತಃಪುರದವರೂ ದಳವಾಯಿಯ ಮನೆಯ ಹೆಂಗಸರೂ ತೆರೆಯ ಹಿಂದೆ ಕುಳಿತಿದ್ದರು.

"ಮಹಾರಾಣಿಯವರು ಬಸುರಿಯಲ್ಲ," ಎಂದರು ಪಂಡಿತರು. "ಉಪವಾಸದಿಂದ ಒಣಗಿದ ದೇಹ ಇದ್ದ ರಕ್ತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಮಾಡಿಸಿ, ಕೆಲವು ತಿಂಗಳು ಕಾದು ನೋಡೋಣ."

"ಅಂದರೆ ಹುಟ್ಟುವ ಕೂಸಿಗೆ ಹಸಿವೇ ಅಪ್ಪ ಅನ್ನಿ, ಪಂಡಿತರೇ," ಎಂದ ದಳವಾಯಿ. ಸಭೆ ನಕ್ಕಿತು. ಕಾಯುವುದು ಅವನಿಗೆ ಬೇಕಿರಲಿಲ್ಲ. ಕಾದರೆ ಹೊಟ್ಟೆ ಬರುವುದಿಲ್ಲವೆಂಬುದು ಊರಿಗೇ ಕಾಣುತ್ತಿತ್ತು. "ವ್ರತದಿಂದ ಮುಟ್ಟು ನಿಂತ ಇನ್ನೊಬ್ಬ ಹೆಣ್ಣನ್ನು ತೋರಿಸಿ. ಒಬ್ಬಳು ಸಾಕು, ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

ಪಂಡಿತರು ತಲೆ ತಗ್ಗಿಸಿದರು. ಹೆಸರು ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ರಾಣಿ ಉಳಿಯುತ್ತಾಳೆ, ಹುಡುಗಿ ಹಾಳಾಗುತ್ತಾಳೆ; ಕೊಟ್ಟ ಆಣೆಯೂ ಇತ್ತು. ಅವರು ಕೈಮುಗಿದು ತಮ್ಮ ಜಾಗಕ್ಕೆ ಹೋಗಿ ಕುಳಿತರು. ರಾಣಿಯನ್ನು ಬೆಟ್ಟದ ಕತ್ತಲಕೋಣೆಗೆ ಹಾಕಬೇಕೆಂಬ ಆಜ್ಞೆಗೆ ದಳವಾಯಿ ಮುದ್ರೆ ಎತ್ತಿದ.

ತೆರೆ ಸರಿಯಿತು. ಚೆಲುವಾಜಿ ಹೊರಗೆ ಬಂದು ನಿಂತಳು. ಸೀರೆ ಅವಳ ಮೈಮೇಲೆ ಗೂಟಕ್ಕೆ ನೇತುಹಾಕಿದಂತಿತ್ತು.

"ನಾನಿದ್ದೇನೆ, ಅಪ್ಪಾಜಿ. ನನಗೂ ನಿಂತು ನಾಲ್ಕು ತಿಂಗಳಾಯಿತು. ಮೊದಲು ನನ್ನನ್ನು ಕೋಣೆಗೆ ಹಾಕಿಸಿ."

ಯಾರೂ ನಗಲಿಲ್ಲ. ಮದುವೆ ನಿಶ್ಚಯವಾದಂದಿನಿಂದ ಮಗಳ ಅಂಗಳಕ್ಕೆ ರಾತ್ರಿ ಬೀಗ ಹಾಕಿ ಕಾವಲಿಟ್ಟವನು ದಳವಾಯಿಯೇ; ಹಗಲು ಅಜ್ಜಿ ಅವಳ ಬೆನ್ನು ಬಿಡುತ್ತಿರಲಿಲ್ಲ. ಬಾಗಿಲ ಬೀಗದ ಕೈ ಆಗಲೂ ಅವನ ನಡುಪಟ್ಟಿಯಲ್ಲಿತ್ತು. ಅವನು ಮುದ್ರೆಯನ್ನು ಕೆಳಗಿಟ್ಟ. ಯಾರ ಮುಖವನ್ನೂ ನೋಡದೆ, "ಊಟ ಮಾಡಿಸಿ," ಎಂದ.

ರಾಣಿಯೇ ಎಳ್ಳುಂಡೆ ಮುರಿದು ಅರ್ಧವನ್ನು ಹುಡುಗಿಯ ಬಾಯಿಗಿಟ್ಟು, ಉಳಿದರ್ಧವನ್ನು ತಾನು ತಿಂದಳು. ವಾರದೊಳಗೆ ಗಂಡಿನವರು ನಿಶ್ಚಿತಾರ್ಥದ ತಾಂಬೂಲವನ್ನು ಹಿಂದಿರುಗಿಸಿದರು. ಇಬ್ಬರೂ ಬಸುರಿಯರೇ ಎಂದು ಪೇಟೆ ತೀರ್ಮಾನಿಸಿತು. ಇಬ್ಬರೂ ಮೈತುಂಬಿಕೊಳ್ಳುತ್ತಿದ್ದುದನ್ನೇ ಸಾಕ್ಷಿಗೆ ತೋರಿಸಿತು. ಪಂಡಿತರು ಬೀದಿಗಿಳಿದರೆ ಜನ ಹಸಿವಪ್ಪನವರು ಬಂದರು ಎನ್ನುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಗಾರಿ ಕೇಳಿಸಲಿಲ್ಲ.