ಸ್ಟ್ರೆಚರ್ ಹೊತ್ತವನ ಮುಖ

ಸೋಮವಾರ ಬೆಳಿಗ್ಗೆ, ಠಾಣೆಯ ನೆಲ ಒರೆಸಿದ ಒದ್ದೆ ಇನ್ನೂ ಆರಿರಲಿಲ್ಲ. ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರು ಆಲ್ಬಮ್ಮೊಂದನ್ನು ಎದೆಗವಚಿಕೊಂಡು ಬಂದು, ಅದರೊಳಗಿನ ಒಂದು ಅಂಚೆಚೀಟಿ ಕಳುವಾಗಿದೆ ಎಂದು ದೂರು ಕೊಟ್ಟರು.

ಒಂದು ಅಂಚೆಚೀಟಿಗೆ ಎಫ್‌ಐಆರ್ ಎಂದರೆ ಬರೆಯುವವರಿಗೇ ನಗು. ಇನ್ಸ್‌ಪೆಕ್ಟರ್ ಮಾತ್ರ ನಗಲಿಲ್ಲ. ಯುದ್ಧದ ವರ್ಷಗಳಲ್ಲಿ ಸರ್ಕಾರ ಹೊರಡಿಸಿದ್ದ ಸ್ಮರಣೆಯ ಚೀಟಿಗಳನ್ನು ಆ ಮನುಷ್ಯ ನಲವತ್ತು ವರ್ಷ ಹುಡುಕಿ, ಅಂಗಲಾಚಿ, ಬದಲಾಯಿಸಿಕೊಂಡು ಕೂಡಿಸಿದ್ದರು. ತಾನು ಕಣ್ಣು ಮುಚ್ಚಿದ ಮೇಲೆ ಅವು ರದ್ದಿಗೆ ಹೋಗಬಾರದೆಂದು ಹೊರದೇಶದ ಸಂಗ್ರಾಹಕನೊಬ್ಬನಿಗೆ ಒಪ್ಪಿಸಲು ಮನಸ್ಸು ಗಟ್ಟಿಮಾಡಿದ್ದರು. ಅವನು ಇದೇ ವಾರ ಬರುವವನಿದ್ದ. ಈಗ ಸರಣಿಯ ನಡುವೆ ಹಲ್ಲು ಬಿದ್ದ ಹಾಗೆ ಒಂದು ಖಾಲಿ ಜಾಗ.

ಮಧ್ಯಾಹ್ನ ಅವರ ಮನೆಯಲ್ಲಿ ಪಂಚನಾಮೆ ನಡೆಯಿತು. ಬೀರುವಿನ ಬೀಗ ಮುರಿದಿರಲಿಲ್ಲ. ಕೀಲಿಗೊಂಚಲು ಸದಾ ಊಟದ ಮೇಜಿನ ಮೇಲೇ ಇರುತ್ತದೆಂದು ಅವರ ಹೆಂಡತಿ ಹೇಳಿದರು. ಹೋಗಿದ್ದು ಗಾಯಾಳುವನ್ನು ಸ್ಟ್ರೆಚರ್‌ನಲ್ಲಿ ಹೊತ್ತು ನಡೆಯುವ ಯುವಕನ ಚಿತ್ರವಿದ್ದ ಚೀಟಿ.

ಮೊದಲ ಅನುಮಾನ ಸ್ಟೇಷನ್ ಮಾಸ್ಟರ ಸೋದರಳಿಯನ ಮೇಲೆ. ಆಲ್ಬಮ್ ನನಗೇ ಬರಬೇಕು ಎಂದು ಅವನು ಎರಡು ಸಲ ಮಾವನ ಜೊತೆ ಜಗಳವಾಡಿದ್ದ. ಅವನನ್ನು ಠಾಣೆಗೆ ಕರೆಸಿ ಸಂಜೆಯವರೆಗೆ ಕೂರಿಸಿಕೊಂಡರು. ಕೊನೆಗೆ ಅವನೇ ರೋಸಿಹೋಗಿ ಹೇಳಿದ:

"ಅದರ ಪಕ್ಕದಲ್ಲೇ ಸೇತುವೆ ತಲೆಕೆಳಗಾಗಿ ಅಚ್ಚಾಗಿರೋ ಚೀಟಿ ಇದೆ ಸರ್. ಇಡೀ ಆಲ್ಬಮ್ಮಿಗೆ ಅದೇ ಬೆಲೆಬಾಳೋದು. ಕದಿಯೋನು ಆನೆ ಬಿಟ್ಟು ಅಂಕುಶ ಹೊತ್ಕೊಂಡು ಹೋಗ್ತಾನಾ?"

ಇನ್ಸ್‌ಪೆಕ್ಟರಿಗೆ ಅದು ಸರಿಯೆನಿಸಿತು. ಹಣಕ್ಕಾಗಿ ಕದ್ದವರಲ್ಲ; ಆ ಚಿತ್ರವೇ ಬೇಕಾಗಿದ್ದವರು. ಮರುದಿನ ಹೆಡ್ ಕಾನ್‌ಸ್ಟೇಬಲ್ ಸ್ಟೇಷನ್ ಮಾಸ್ಟರ ಹೆಂಡತಿಯ ಅಡುಗೆಮನೆಯಲ್ಲಿ ಕೂತು ಮಾತಿಗೆಳೆದಳು. ಇಡೀ ಠಾಣೆ ‘ದೊಡ್ಡಕ್ಕ’ ಎಂದು ಕರೆಯುತ್ತಿದ್ದ ಹೆಂಗಸು ಅವಳು. ಆ ಪುಟವನ್ನು ಯಾರಾದರೂ ಹೆಚ್ಚು ಹೊತ್ತು ನೋಡಿದ್ದರೇ ಎಂದು ಕೇಳಿದಾಗ ಮನೆಯಾಕೆ ಒಲೆ ಸಣ್ಣ ಮಾಡಿ ಹೇಳಿದರು. ಪರದೆಗೆ ಅಳತೆ ತೆಗೆದುಕೊಳ್ಳಲು ಬಂದ ಟೈಲರಮ್ಮ, ಮೇಜಿನ ಮೇಲೆ ತೆರೆದಿದ್ದ ಆಲ್ಬಮ್ ಕಂಡು ಭೂತಗನ್ನಡಿ ಕೇಳಿ ಪಡೆದಿದ್ದಳಂತೆ. ಕಳೆದ ವಾರ ಪರದೆ ತೂಗುಹಾಕಲು ಬಂದಾಗ ಆ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು.

"ಪಾಪದ ಮುದುಕಿ. ನಾನು ಹೇಳಿದೆ ಅಂತ ಹೇಳ್ಬೇಡಿ," ಎಂದರು.

ಟೈಲರಮ್ಮನ ಮನೆ ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಹುಡುಕುವ ಕೆಲಸವೇ ಬರಲಿಲ್ಲ. ಯಂತ್ರದ ಹಲಗೆಯ ಮೇಲೆ, ಸೂಜಿಗೆ ಬೆಳಕು ಬೀಳುವ ಜಾಗದಲ್ಲಿ ಚೀಟಿ ಇತ್ತು. ಗೋಂದು ಹಚ್ಚಿ ಅಂಟಿಸಿದ್ದಳು. ದೊಡ್ಡಕ್ಕ ಉಗುರಿನಿಂದ ಅಂಚು ಎಬ್ಬಿಸಲು ನೋಡಿದಾಗ ಕಾಗದ ಸಿಗಿಯತೊಡಗಿತು. ಕೈ ಹಿಂದಕ್ಕೆಳೆದುಕೊಂಡಳು.

"ಇದು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ನಮ್ಮಣ್ಣ."

"ಚೀಟಿ ಮೇಲೆ ಹೇಗೆ ಬಂದ?"

"ಗೊತ್ತಿಲ್ಲ ಸ್ವಾಮಿ. ಯುದ್ಧಕ್ಕೆ ಹೋದಾಗ ಸ್ಟ್ರೆಚರ್ ಹೊರೋ ಕೆಲಸ ಕೊಟ್ಟಿದ್ರು. ಸತ್ತ ಅಂತಾನೂ ಸುದ್ದಿ ಬರಲಿಲ್ಲ, ಇದ್ದಾನೆ ಅಂತಾನೂ ಬರಲಿಲ್ಲ. ಬಾಂಬು ಬಿದ್ದು ಮನೆ ಸುಟ್ಟಾಗ ಅವನ ಫೋಟೋನೂ ಹೋಯ್ತು. ನಾನಾಗ ಆರು ವರ್ಷದವಳು. ಮುಖಾನೇ ಮರೆತುಹೋಗಿತ್ತು. ಅವತ್ತು ಆ ಗಾಜಿನಲ್ಲಿ ನೋಡಿದೆ, ಇವನೇ ಅನ್ನಿಸ್ತು."

"ಕೇಳಬಹುದಿತ್ತಲ್ಲಮ್ಮ?"

"ಕೇಳಿದ್ರೆ ಇಲ್ಲ ಅಂತಿದ್ರು. ಆಮೇಲೆ ಕದ್ರೆ ನನ್ನ ಮೇಲೇ ಅನುಮಾನ ಬರೋದು." ಚೀಟಿಯ ಕಡೆ ನೋಡಿ, "ಆಲ್ಬಮ್ ಜೊತೆ ಇವನೂ ಈ ವಾರ ದೇಶ ಬಿಟ್ಟು ಹೋಗ್ತಾನೆ ಅಂದ್ರು. ಇನ್ನೊಂದು ಸಲ ಕಳಿಸೋಕೆ ನನ್ನ ಕೈಲಾಗ್ಲಿಲ್ಲ," ಎಂದಳು.

ಬುಧವಾರ ಅವಳ ಬಂಧನವಾಯಿತು. ಅಂಟಿದ ಚೀಟಿಯನ್ನು ಬಿಡಿಸುವಂತಿಲ್ಲವಾದ್ದರಿಂದ ಮಹಜರಿನಲ್ಲಿ ಹೊಲಿಗೆ ಯಂತ್ರವನ್ನೇ ಜಪ್ತಿ ಮಾಡಬೇಕಾಯಿತು. ಇಬ್ಬರು ಕಾನ್‌ಸ್ಟೇಬಲ್‌ಗಳು ಅದನ್ನು ಜೀಪಿಗೇರಿಸುವಾಗ, ಒಪ್ಪಿಕೊಂಡ ಬಟ್ಟೆಗಳು ಬಾಕಿ ಇವೆಯೆಂದಷ್ಟೇ ಅವಳು ಹೇಳಿದಳು.

ಸ್ಟೇಷನ್ ಮಾಸ್ಟರು ಠಾಣೆಗೆ ಬಂದು ಹಲಗೆಗೆ ಅಂಟಿದ್ದ ಚೀಟಿಯನ್ನು ನೋಡಿದರು. ನಲವತ್ತು ವರ್ಷದ ಸರಣಿ ಇನ್ನು ಕೂಡುವುದಿಲ್ಲವೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ವಿಷಯ ತಿಳಿದ ಮೇಲೆ ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು. ಎಫ್‌ಐಆರ್ ನ್ಯಾಯಾಲಯಕ್ಕೆ ಹೋಗಿಯಾಗಿತ್ತು. ಮನೆಯೊಳಗಿನ ಕಳವಿಗೆ ರಾಜಿ ಇಲ್ಲ. ತನ್ನ ಕೈಯಲ್ಲಿ ಏನೂ ಇಲ್ಲವೆಂದು ಇನ್ಸ್‌ಪೆಕ್ಟರ್ ಹೇಳಿದಾಗ ಅವರು ಬೆಂಚಿನ ಮೇಲೆ ಕೂತು, ಎದ್ದು ಹೋಗುವುದನ್ನೇ ಮರೆತರು.

ಚೀಟಿ ಅಸಲಿಯೆಂದು ಯಾರಾದರೂ ತಿಳಿದವರು ಹೇಳಿಕೆ ಕೊಡಬೇಕಿತ್ತು. ಅದನ್ನು ಅಚ್ಚು ಹಾಕಿದ ಮುದ್ರಣಾಲಯದಲ್ಲಿ ಆಗ ಕೆಲಸ ಕಲಿಯುತ್ತಿದ್ದ ವೃದ್ಧ ಕಲಾವಿದರೊಬ್ಬರು ಸಿಕ್ಕರು. ಗುರುವಾರ ಅವರು ಠಾಣೆಗೆ ಬಂದು ಯಂತ್ರದ ಮೇಲೆ ಬಗ್ಗಿ ನೋಡಿ, ಅಸಲಿಯೇ ಎಂದು ಖಚಿತಪಡಿಸಿದರು. ಇನ್ಸ್‌ಪೆಕ್ಟರ್ ಸುಮ್ಮನೆ ಕೇಳಿಬಿಟ್ಟರು:

"ಈ ಹುಡುಗನ ಫೋಟೋ ಎಲ್ಲಿಂದ ಬಂದಿತ್ತು?"

"ಫೋಟೋ ಎಲ್ಲಿತ್ತು ಸರ್? ನಮ್ಮ ಗುರುಗಳು ಕನ್ನಡಿ ಇಟ್ಕೊಂಡು ತಮ್ಮ ಮುಖಾನೇ ಬರೆದ್ರು. ನಾನೇ ಕನ್ನಡಿ ಹಿಡ್ಕೊಂಡು ನಿಂತಿದ್ದೆ."

ಹೇಳಿಕೆ ದಾಖಲಾಯಿತು. ವೃದ್ಧರು ಸಹಿ ಹಾಕಿ ಹೋದರು. ಒಳಗಿನ ಕಂಬಿಯ ಹಿಂದಿನಿಂದ ಟೈಲರಮ್ಮ, ಬಂದಿದ್ದವರು ಯಾರು, ಅಣ್ಣನ ಗುರುತು ಹತ್ತಿತೇ ಎಂದು ಕೇಳಿದಳು. ಇನ್ಸ್‌ಪೆಕ್ಟರ್ ಬೇರೆ ಕೇಸಿನ ಸಾಕ್ಷಿ ಎಂದರು.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶವನ್ನು ಅವರು ತಾವೇ ಬರೆದರು: ಯುದ್ಧದಲ್ಲಿ ಕಾಣೆಯಾದ ಅಣ್ಣನನ್ನು ಮನೆಯಲ್ಲಿಟ್ಟುಕೊಳ್ಳಲು. ದೊಡ್ಡಕ್ಕ ಕಾಗದಗಳನ್ನು ಜೋಡಿಸುತ್ತಾ ಕಲಾವಿದರ ಹೇಳಿಕೆಯ ಹಾಳೆ ಬಂದಾಗ ಕೈ ನಿಲ್ಲಿಸಿದಳು.

"ಇದರದ್ದೂ ಒಂದು ಪ್ರತಿ ಆರೋಪಿಗೆ ಕೊಡ್ಬೇಕಲ್ವಾ ಸರ್?"

"ಕೊಡ್ಬೇಕು."

"ಅವ್ರಿಗೆ ಓದೋಕೆ ಬರಲ್ಲ."

"ಹಾಗಿದ್ರೆ ಓದಿ ಹೇಳ್ಬೇಕು," ಎಂದರು ಇನ್ಸ್‌ಪೆಕ್ಟರ್. ಇಬ್ಬರೂ ಕೂತಲ್ಲಿಂದ ಏಳಲಿಲ್ಲ.