ಗಾಜಕ್ಕ ಮತ್ತು ಸತ್ತ ಕಿಣ್ವ

ಕಿಣ್ವ ಸತ್ತಿತ್ತು. ಫ್ರೀಜರಿನ ಮುಂದೆ ನೀರು ನಿಂತಿತ್ತು.

"ನಿನ್ನೆ ಬಾಗಿಲು ಸರಿಯಾಗಿ ಹಾಕಿಲ್ಲ ನೀನು," ಎಂದ ಹಿರಿಯ ಸಂಶೋಧಕ. "ಈಗ ಮೇಡಂ ಎದುರೇ ಪರೀಕ್ಷೆ ಮಾಡಿದೆ. ಒಂಚೂರೂ ಕೆಲಸ ಮಾಡ್ತಿಲ್ಲ."

ಕಿರಿಯ ಸಂಶೋಧಕಿ ಮೇಜಿನ ಮೇಲಿದ್ದ ಕಿಣ್ವದ ಡಬ್ಬಿಯತ್ತ ತಿರುಗಿದಳು. ಜೀವಕೋಶದೊಳಗಿನ ಪುಟ್ಟ ಚೀಲದಲ್ಲಿದ್ದು ಪ್ರೋಟೀನುಗಳನ್ನು ಕತ್ತರಿಸುವ ಕ್ಯಾಥೆಪ್ಸಿನ್ ಅದು. ಶುದ್ಧ ಮಾಡಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಅದನ್ನು ತಡೆಯುವ ಔಷಧಿಗಳ ಹುಡುಕಾಟ ಇಂದೇ ಶುರುವಾಗಬೇಕು. ಇಲ್ಲದಿದ್ದರೆ ಸಂಜೆಗೆ ಅವಳ ಕೆಲಸ ಹೋದಂತೆಯೇ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮುಖಕ್ಕೇ ಹೇಳಿದ್ದರು.

ಗಾಜಿನ ಸಾಮಾನು ತೊಳೆಯುವ ಹೆಂಗಸು ನೆಲ ಒರೆಸಲು ಬಂದಳು. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಅವಳು ಗಾಜಕ್ಕ. ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಒರೆಸುತ್ತಲೇ ಫ್ರೀಜರಿನೊಳಗೆ ಇಣುಕಿದಳು. ಗೋಡೆಯ ಹಿಮ ಕರಗಿರಲಿಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂತು?

"ಹೋಗಲಿ ಬಿಡು, ಇದನ್ನ ನಾನೇ ಬಿಸಾಕ್ತೀನಿ," ಎಂದು ಹಿರಿಯ ಸಂಶೋಧಕ ಡಬ್ಬಿ ಎತ್ತಿಕೊಂಡು ಹೋದ.

* * *

ಗಾಜಕ್ಕ ಸಾಮಾನು ತೊಳೆಯುವ ತೊಟ್ಟಿಯತ್ತ ಓಡಿದಳು. ಪರೀಕ್ಷೆಗೆ ಬಳಸಿದ ಸೀಸೆ ಇನ್ನೂ ತೊಳೆಯದೆ ಬಿದ್ದಿತ್ತು. ಈ ಕಿಣ್ವ ಕೆಲಸ ಮಾಡಲು ಹುಳಿ ದ್ರಾವಣವೇ ಬೇಕು. ಆ ಸೀಸೆ ತೊಳೆಯುವಾಗಲೆಲ್ಲ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಇಂದು ಮೂಸಿದಳು. ಏನೂ ಇಲ್ಲ.

* * *

ಲಿಫ್ಟಿನ ಬಳಿ ಗಾಜಕ್ಕ ಹಿರಿಯನನ್ನು ತಡೆದಳು. ಅವಳು ಕೂಗಿ ಕರೆದಿದ್ದ ಮೇಡಂ, ಕಿರಿಯಳು ಹಿಂದೆಯೇ ಬಂದರು.

"ಸರ್, ಡಬ್ಬಿಯಲ್ಲೇನಿದೆ?"

"ಹೇಳಿದೆನಲ್ಲ, ಕಸ."

"ಡಬ್ಬಿ ಹೊರಗೆಲ್ಲ ಬೆವರಿದೆ. ಕಸಕ್ಕೆ ಐಸ್ ಯಾಕೆ ಹಾಕಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಡಬ್ಬಿಯ ಮುಚ್ಚಳ ಒತ್ತಿ ಹಿಡಿದ. ಮೇಡಂ ಅದನ್ನು ಕಿತ್ತು ತೆರೆದರು. ಪುಟ್ಟ ಸೀಸೆಗಳು ಕುತ್ತಿಗೆಯವರೆಗೆ ಐಸಿನಲ್ಲಿದ್ದವು.

"ಇವರು ಹುಳಿ ದ್ರಾವಣದ ಬದಲು ಬರೀ ನೀರು ಹಾಕಿ ಪರೀಕ್ಷೆ ಮಾಡಿದ್ದಾರೆ ಮೇಡಂ," ಎಂದಳು ಗಾಜಕ್ಕ. " ಅದಕ್ಕೇ ಕಿಣ್ವ ಸುಮ್ಮನಿತ್ತು. ನೆಲದ ಮೇಲೂ ಇವರೇ ನೀರು ಚೆಲ್ಲಿದ್ದು. ಸತ್ತಿದ್ದು ಅಂತ ಬಾಯಿ ಹೇಳ್ತು, ಕೈ ಮಾತ್ರ ಐಸಿನಲ್ಲಿಡೋ ರೂಢಿ ಬಿಡಲಿಲ್ಲ."

ಕಿರಿಯಳು ಗಾಜಿನ ಕೊಳವೆಯಲ್ಲಿ ಹೊಸ ಹುಳಿ ದ್ರಾವಣ ಬೆರೆಸಿ, ಒಂದು ಹನಿ ಕಿಣ್ವ ಹಾಕಿದಳು. ಕಿಣ್ವ ಕತ್ತರಿಸಿದರೆ ಹೊಳೆಯುವ ಪ್ರೋಟೀನಿನ ತುಣುಕು ಆ ದ್ರಾವಣದಲ್ಲಿತ್ತು. ನೇರಳಾತೀತ ದೀಪದಡಿ ಹಿಡಿದಳು. ಕೊಳವೆ ನಿಧಾನಕ್ಕೆ ನೀಲಿಯಾಗಿ ಹೊಳೆಯಿತು.

ಹಿರಿಯ ತಲೆ ತಗ್ಗಿಸಿ ಒಪ್ಪಿಕೊಂಡ. ಮುಂದಿನ ತಿಂಗಳು ಬೇರೆ ಪ್ರಯೋಗಾಲಯ ಸೇರಿ, ಆ ಕಿಣ್ವವನ್ನು ತನ್ನದೆಂದು ತೋರಿಸುವವನಿದ್ದ.

ಕಿರಿಯಳಿಗೆ ಅಳು ತಡೆಯಲಾಗಲಿಲ್ಲ. ಗಾಜಕ್ಕ ಸೆರಗಿನಲ್ಲೇ ಅವಳ ಕಣ್ಣೊರೆಸಿದಳು.

"ಸಂಜೆಗೆ ಇನ್ನೂ ಹೊತ್ತಿದೆ ಮಗಳೇ. ಕೆಲಸ ಶುರು ಮಾಡು."